ಆರು ಸಿಲಿಂಡರಿನ ಮಸ್ಟಾಂಗ್: ಇಲ್ಲಿಯವರೆಗಿನ ಕೆಲಸ

ಮೊದಲು ಕಾರಿನ ಜಾತಕ ಹೇಳಿಬಿಡುತ್ತೇನೆ. 1966ರ ಫೋರ್ಡ್ ಮಸ್ಟಾಂಗ್, ಎರಡು ಬಾಗಿಲಿನ ಹಾರ್ಡ್‌ಟಾಪ್, ಅಂದರೆ ಮಡಚಲಾಗದ ತಗಡಿನ ಚಾವಣಿಯದು. ಇಂಜಿನ್ 200 ಕ್ಯೂಬಿಕ್ ಇಂಚಿನದು, ನಮ್ಮ ಲೆಕ್ಕದಲ್ಲಿ 3.3 ಲೀಟರ್. ಸಾಲಾಗಿ ಆರು ಸಿಲಿಂಡರ್, 120 ಹಾರ್ಸ್‌ಪವರ್, ಒಂದೇ ಬಾಯಿಯ ಕಾರ್ಬುರೇಟರ್ (ಪೆಟ್ರೋಲು, ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ). ಮಸ್ಟಾಂಗ್ ತಗೊಂಡೆ ಅಂದ ಕೂಡಲೇ ಎಲ್ಲರೂ ಕೇಳುವುದು "ವಿ8 ತಾನೇ?" ಅಂತ, ಅಂದರೆ ಎಂಟು ಸಿಲಿಂಡರಿನ ಇಂಜಿನ್ ತಾನೇ ಅಂತ. ಅಲ್ಲ ಅಂದರೆ ಮುಖ ಸಪ್ಪಗಾಗುತ್ತದೆ. ಆಗಲಿ ಬಿಡಿ.

ಬಾನೆಟ್ ಎತ್ತಿದರೆ ಒಳಗಿನ ತಗಡಿನ ಮೇಲೆ ಕಾರಿನ ನಂಬರ್ ಒತ್ತಿದ್ದಾರೆ. ಶುರುವಿನಲ್ಲಿ 6, ಎಫ್, 07, ಟಿ. 6 ಅಂದರೆ 66ನೇ ಮಾಡೆಲ್. ಎಫ್ ಅಂದರೆ ಡಿಯರ್‌ಬಾರ್ನ್ ಫ್ಯಾಕ್ಟರಿ. 07 ಅಂದರೆ ಹಾರ್ಡ್‌ಟಾಪ್. ಟಿ ಅಂದರೆ ಈ ಇಂಜಿನ್. ವಿ8 ಆಗಿದ್ದರೆ ಅಲ್ಲಿ ಸಿ, ಎ ಅಥವಾ ಕೆ ಇರಬೇಕಿತ್ತು. ಮಾರುವವರು ಏನೇ ಹೇಳಲಿ, ಕೊಳ್ಳುವ ಮುಂಚೆ ಈ ಅಕ್ಷರ ನೋಡಿ. ಚಕ್ರವನ್ನೂ ನೋಡಿ. ಫ್ಯಾಕ್ಟರಿಯಿಂದ ಬಂದ ಹಾಗೇ ಇದ್ದರೆ ಆರು ಸಿಲಿಂಡರಿನದಕ್ಕೆ ನಾಲ್ಕು ನಟ್ಟು, ವಿ8ಗೆ ಐದು.

ಡಿಯರ್‌ಬಾರ್ನ್ ನಮ್ಮ ಮನೆಯಿಂದ ದೂರವೇನಲ್ಲ. ನಾವಿರುವುದು ಮಿಷಿಗನ್‌ನಲ್ಲಿ, ಡೆಟ್ರಾಯಿಟ್‌ನ ಹೊರವಲಯದಲ್ಲಿ. ಇಲ್ಲಿನ ಸುಮಾರು ಕನ್ನಡದವರ ಹಾಗೆ ನನ್ನದೂ ಕಾರು ಕಂಪನಿಯ ಕೆಲಸವೇ. ದಿನವಿಡೀ ಹೊಸ ಕಾರುಗಳಿಗೆ ಸಾಫ್ಟ್‌ವೇರ್ ಬರೆಯುತ್ತೇನೆ. ಆ ಕಾರುಗಳ ಬಾನೆಟ್ ತೆಗೆದರೆ ಕಾಣುವುದು ಒಂದು ಪ್ಲಾಸ್ಟಿಕ್ ಮುಚ್ಚಳ. ಈ ಕಾರಿನಲ್ಲಿ ಇಂಜಿನ್ನಿನ ಪಕ್ಕದ ಸಂದಿಯಿಂದ ಕೆಳಗಿನ ನೆಲ ಕಾಣುತ್ತದೆ. ಸ್ಪ್ಯಾನರ್ ಕೈಜಾರಿದರೆ ನೇರ ಅಲ್ಲಿಗೇ ಬೀಳುತ್ತದೆ, ಹುಡುಕುವ ಕೆಲಸವಿಲ್ಲ.

ನವೆಂಬರ್: ಪೆಟ್ರೋಲ್ ದಾರಿ

ಮೊದಲು ಮಾಡಿದ್ದು ಪೆಟ್ರೋಲಿನ ಕೆಲಸ. ಇಲ್ಲಿನ ಪೆಟ್ರೋಲಿನಲ್ಲಿ ಈಗ ಸಾಮಾನ್ಯವಾಗಿ ಶೇಕಡಾ 10 ಎಥನಾಲ್ ಇರುತ್ತದೆ. ಅರವತ್ತರ ದಶಕದ ರಬ್ಬರ್ ಅದನ್ನು ತಡೆದುಕೊಳ್ಳಲ್ಲ. ಹಳೇ ಪೈಪನ್ನು ಬೆರಳಲ್ಲಿ ಹಿಸುಕಿದರೆ ಕಪ್ಪು ಮಸಿ ಅಂಟುತ್ತಿತ್ತು. ರಬ್ಬರ್ ಪೈಪುಗಳನ್ನೆಲ್ಲ ಬದಲಾಯಿಸಿ ಆಯಿತು.

ಈ ಕಾರಿನ ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗವೇ ಡಿಕ್ಕಿಯ ನೆಲ. ಮ್ಯಾಟ್ ಎತ್ತಿದರೆ ಟ್ಯಾಂಕೇ ಕಾಣುತ್ತದೆ. ಸುತ್ತಲಿನ ಸ್ಕ್ರೂ, ಪೈಪು, ವೈರು ಬಿಚ್ಚಿ ಟ್ಯಾಂಕನ್ನು ಮೇಲಕ್ಕೇ ಎತ್ತಿಕೊಳ್ಳಬಹುದು. ತೊಳೆದು ವಾಪಸ್ ಕೂರಿಸಿದೆ.

ಡಿಸೆಂಬರ್, ಜನವರಿ: ಪಿಕಪ್ ಇಲ್ಲದ ಕಥೆ

ಈ ಚಳಿಗಾಲದ ಅಸಲಿ ಕೆಲಸ ಇದೇ. ಗಾಡಿ ಸ್ಟಾರ್ಟ್ ಆಗುತ್ತಿತ್ತು. ಐಡ್ಲಿಂಗ್ ಚೆನ್ನಾಗಿತ್ತು. ಆದರೆ ಆಕ್ಸಿಲರೇಟರ್ ಒತ್ತಿದರೆ ಮುಂದಕ್ಕೆ ಹೋಗುವ ಬದಲು ಗೊರಗೊರ ಅಂತ ಮುಗ್ಗರಿಸುತ್ತಿತ್ತು. ಒಂದು ಸಣ್ಣ ಏರು ಬಂದರೆ ಉಸಿರು ಬಿಡುತ್ತಿತ್ತು.

ಊರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಹೇಳಿದೆ. ಸಕಲೇಶಪುರದ ಎಸ್ಟೇಟಿನಲ್ಲಿ ವರ್ಷಗಟ್ಟಲೆ ವಿಲ್ಲೀಸ್ ಜೀಪ್ ಓಡಿಸಿ, ಬಿಚ್ಚಿ, ಕಟ್ಟಿದವರು. "ಪಾಯಿಂಟ್ ನೋಡಿದ್ಯೇನೋ?" ಅಂದರು. ಪಾಯಿಂಟ್ ಅಂದರೆ ಕರೆಂಟ್ ಕಡಿದು ಕಿಡಿ ಹುಟ್ಟಿಸುವ ಪುಟ್ಟ ಸ್ವಿಚ್. ಯಾವ ಕಾಯಿಲೆ ಹೇಳಿದರೂ ಅವರ ಮೊದಲ ಪ್ರಶ್ನೆ ಅದೇ. ನೋಡಿದೆ. ಎಮರಿ ಪೇಪರ್ ಹಾಕಿ ಉಜ್ಜಿ, ಗೇಜ್ ಇಟ್ಟು 0.025 ಇಂಚು ಗ್ಯಾಪ್ ಕೊಟ್ಟೆ. ಐಡ್ಲಿಂಗ್ ಇನ್ನೂ ನಯವಾಯಿತು. ಪಿಕಪ್ ಮಾತ್ರ ಹಾಗೇ.

ಕಾರಣ ಇದ್ದದ್ದು ಕಾರ್ಬುರೇಟರಿನಲ್ಲಿ. ಹಿಂದಿನ ಮಾಲೀಕರು ಯಾರೋ ಫೋರ್ಡ್‌ನ ಆಟೋಲೈಟ್ 1100 ತೆಗೆದು ಬೇರೆ ಯಾವುದೋ ಕಾರ್ಬುರೇಟರ್ ಕೂರಿಸಿದ್ದರು. ನೋಡುವುದಕ್ಕೆ ತಪ್ಪೇನೂ ಕಾಣುತ್ತಿರಲಿಲ್ಲ, ಬೋಲ್ಟೆಲ್ಲ ಸರಿಯಾಗೇ ಕೂತಿತ್ತು. ಆದರೆ ಈ ಇಂಜಿನ್ನಿನ ಡಿಸ್ಟ್ರಿಬ್ಯೂಟರ್, ಅಂದರೆ ಸಿಲಿಂಡರುಗಳಿಗೆ ಸರದಿಯಂತೆ ಕಿಡಿ ಹಂಚುವ ಭಾಗ, ಒಂದು ವಿಚಿತ್ರ ಪ್ರಾಣಿ. ಹೆಸರು ಲೋಡ್-ಒ-ಮ್ಯಾಟಿಕ್. ಮಾಮೂಲಿ ಡಿಸ್ಟ್ರಿಬ್ಯೂಟರಿನಲ್ಲಿ ವೇಗ ಹೆಚ್ಚಾದಂತೆ ಹೊರಕ್ಕೆ ಚಿಮ್ಮುವ ಪುಟ್ಟ ತೂಕಗಳಿರುತ್ತವೆ. ಕಿಡಿ ಎಷ್ಟು ಮುಂಚೆ ಹಾರಬೇಕು ಅನ್ನುವುದನ್ನು ಅವು ನೋಡಿಕೊಳ್ಳುತ್ತವೆ. ಇದರಲ್ಲಿ ಆ ತೂಕಗಳೇ ಇಲ್ಲ. ಎಲ್ಲ ಕೆಲಸವೂ ಕಾರ್ಬುರೇಟರಿನಿಂದ ಬರುವ ವ್ಯಾಕ್ಯೂಮಿನದ್ದೇ, ಅಂದರೆ ಗಾಳಿಯ ಎಳೆತದ್ದೇ.

ಬೇರೆ ಕಾರ್ಬುರೇಟರ್ ಹಾಕಿದಾಗ ಆಗುವುದೇನು? ಆಕ್ಸಿಲರೇಟರ್ ಪೂರ್ತಿ ಒತ್ತಿದ ಕೂಡಲೇ ಅದರ ವ್ಯಾಕ್ಯೂಮ್ ಬಿದ್ದುಹೋಗುತ್ತದೆ. ಕಿಡಿ ಮುಂಚೆ ಬರಬೇಕಾದ ಹೊತ್ತಿಗೇ ಹಿಂದೆ ಸರಿಯುತ್ತದೆ. ಆಟೋಲೈಟ್ 1100ರಲ್ಲಿ ಗಾಳಿ ನುಗ್ಗುವ ಕಂಠದಿಂದ ಒಂದು ದಾರಿ ಇದೆ. ಗಾಳಿ ಜಾಸ್ತಿ ಹರಿದಷ್ಟೂ ಅಲ್ಲಿನ ಎಳೆತ ಜಾಸ್ತಿ. ಜೊತೆಗೆ ಪಕ್ಕದಲ್ಲಿ ಒಂದು ಸಣ್ಣ ವಾಲ್ವ್, ಸ್ಪಾರ್ಕ್ ಕಂಟ್ರೋಲ್ ವಾಲ್ವ್ ಅಂತ. ಎರಡೂ ಸೇರಿ ಡಿಸ್ಟ್ರಿಬ್ಯೂಟರಿಗೆ ಬೇಕಾದ ಹದದ ವ್ಯಾಕ್ಯೂಮ್ ಕೊಡುತ್ತವೆ. ಇದು ಜೋಡಿ. ಒಂದನ್ನು ಬಿಡಿಸಿದರೆ ಇನ್ನೊಂದು ಕೆಲಸಕ್ಕೆ ಬರಲ್ಲ.

ಪರಿಹಾರ ಎರಡು. ತೂಕಗಳಿರುವ ಆಮೇಲಿನ ವರ್ಷಗಳ ಡಿಸ್ಟ್ರಿಬ್ಯೂಟರ್ ಹಾಕಬಹುದು. ಇಲ್ಲ ಅಂದರೆ ಹಳೇ ಜೋಡಿಯನ್ನೇ ಕೂಡಿಸಬೇಕು. ಮೊದಲನೆಯದೇ ಬುದ್ಧಿವಂತರ ದಾರಿ, ಅದರಲ್ಲಿ ಅನುಮಾನವಿಲ್ಲ. ನಾನು ಎರಡನೆಯದು ಹಿಡಿದೆ. ಹೀಗೊಂದು ಯಂತ್ರ ಯೋಚಿಸಿದವರ ತಲೆ ಹೇಗೆ ಓಡಿತ್ತು ಅಂತ ಕೈಯಾರೆ ನೋಡುವ ಆಸೆ.

ಹಳೇ ಸಾಮಾನಿನ ಸಂತೆಯಲ್ಲಿ ಒಂದು 1100 ಸಿಕ್ಕಿತು. ವಾಲ್ವ್ ಜಾಗದಲ್ಲೇ ಇತ್ತು, ಒಳಗಿನ ಡಯಾಫ್ರಾಮ್ (ತೆಳು ಪೊರೆ) ಹರಿದಿತ್ತು. ರಿಪೇರಿ ಕಿಟ್ ತರಿಸಿ, ಬಿಚ್ಚಿ, ತೊಳೆದು ಜೋಡಿಸಿದೆ. ಡಿಸ್ಟ್ರಿಬ್ಯೂಟರ್ ಕಡೆಯದ್ದನ್ನು ಪರೀಕ್ಷಿಸಲು ಯಾವ ಮೀಟರೂ ಬೇಡ. ಕ್ಯಾಪ್ ತೆಗೆದು, ವ್ಯಾಕ್ಯೂಮ್ ಪೈಪನ್ನು ಬಾಯಲ್ಲಿ ಕಚ್ಚಿ ಎಳೆಯಬೇಕು. ಪಾಯಿಂಟ್ ಕೂತಿರುವ ತಟ್ಟೆ ಮೆಲ್ಲಗೆ ಒಂದು ಕಡೆ ತಿರುಗುತ್ತದೆ. ಪೈಪಿನ ಬಾಯಿಗೆ ನಾಲಗೆ ಒತ್ತಿದರೆ ಅಲ್ಲೇ ನಿಲ್ಲುತ್ತದೆ. ನಾಲಗೆ ತೆಗೆದರೆ ಟಿಕ್ ಅಂತ ವಾಪಸ್. ಗ್ಯಾರೇಜಿನ ನಡುಗುವ ಚಳಿಯಲ್ಲಿ ನಿಂತು ಇದನ್ನೇ ಸುಮ್ನೆ ಮತ್ತೆ ಮತ್ತೆ ಮಾಡಿದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, "ರೀ, ಅದು ಕಾರೋ ಹುಕ್ಕಾನೋ?" ಅಂದಳು.

ಈಗ ಪಿಕಪ್ ಇದೆ. ರಾಕೆಟ್ ಏನಲ್ಲ, ಆದರೆ ಏರಿನಲ್ಲಿ ಗೊಣಗಲ್ಲ.

ಮಾರ್ಚ್: ನೀರು ಎಲ್ಲಿಂದ?

ಡ್ರೈವರ್ ಕಾಲಿನ ಕಡೆ ಕಾರ್ಪೆಟ್ ಸದಾ ಒದ್ದೆ. 65, 66ರ ಮಸ್ಟಾಂಗ್‌ಗಳಿಗೆ ಇದು ಹುಟ್ಟುರೋಗ. ಮುಂದಿನ ಗಾಜಿನ ಬುಡದಲ್ಲಿ ಜಾಲರಿ ಇದೆ. ಮಳೆನೀರು ಅದರೊಳಗೆ ಇಳಿದು, ಎರಡು ತಗಡುಗಳ ನಡುವೆ ಹರಿದು, ಎರಡೂ ಪಕ್ಕದಿಂದ ಹೊರಗೆ ಹೋಗಬೇಕು. ಅಲ್ಲಿ ಎಲೆ, ಮಣ್ಣು ಸೇರಿ ಕೊಳೆಯುತ್ತದೆ. ಒಳಗೆ ಗಾಳಿ ಬಿಡುವ ತೂತಿನ ಸುತ್ತ ತುಕ್ಕು ಹಿಡಿಯುತ್ತದೆ. ಚೊಂಬಿನಲ್ಲಿ ನೀರು ಹುಯ್ದು, ಡ್ಯಾಶ್‌ಬೋರ್ಡಿನ ಕೆಳಗೆ ಮಲಗಿ ಟಾರ್ಚ್ ಬಿಟ್ಟರೆ ಗೊತ್ತಾಗುತ್ತದೆ. ನನ್ನ ಮೂಗಿನ ಮೇಲೇ ತೊಟ್ಟಿಕ್ಕಿತು.

ಉಳಿದ ತುಕ್ಕಿಗೆ ಇಲ್ಲಿನ ಚಳಿಗಾಲವೇ ಸಾಕು. ಡೆಟ್ರಾಯಿಟ್ ಊರಿನ ಕೆಳಗೆ, ಸಾವಿರ ಅಡಿಗಿಂತ ಆಳದಲ್ಲಿ, ಉಪ್ಪಿನ ಗಣಿ ಇದೆ. ಹಿಮ ಕರಗಿಸಲು ರಸ್ತೆಗೆ ಚೆಲ್ಲುವ ಉಪ್ಪು ತೆಗೆಯುವುದು ಅಲ್ಲಿಂದಲೇ. ಮೇಲೆ ಕಾರು ಮಾಡುವ ಊರು, ಕೆಳಗೆ ಕಾರು ತಿನ್ನುವ ಉಪ್ಪು. ಚೆನ್ನಾಗಿದೆ ಅಲ್ವಾ?

ಮೇ: ರಸ್ತೆಗೆ ಇಳಿದ ಮೇಲೆ

ಪೆಟ್ರೋಲ್ ಬಂಕಿನಲ್ಲಿ ನಿಂತರೆ ಸಾಕು, ಯಾರಾದರೂ ಬರುತ್ತಾರೆ. ವಿ8 ಇಟ್ಟುಕೊಂಡಿರುವ ಗೆಳೆಯನ ಹತ್ತಿರ ಬರುವವರು "ಎಷ್ಟು ಸ್ಪೀಡ್ ಹೋಗುತ್ತೆ?" ಅಂತ ಕೇಳುತ್ತಾರೆ. ನನ್ನ ಹತ್ತಿರ ಬರುವವರು ಬಾನೆಟ್ ತೆಗೆಸಿ ನೋಡಿ, "ನಮ್ಮಮ್ಮನ ಹತ್ತಿರ ಇದೇ ಇಂಜಿನ್ ಇತ್ತು" ಅನ್ನುತ್ತಾರೆ. ಒಬ್ಬ ಅಜ್ಜಿ ಕೇಳದೇ ಬಾಗಿಲು ತೆಗೆದು ಕೂತು, ಗೇರ್ ಹಾಕುವ ಹಾಗೆ ಕೈ ಆಡಿಸಿದರು. ನನಗೆ ಈ ಕಾರಿನ ಹುಚ್ಚು ಅರ್ಥವಾಗಿದ್ದು ಇಂಥವರಿಂದ. ಪೋಸ್ಟರಿನ ಕಾರಿನ ಮೇಲೆ ಆಸೆ ಆಗಬಹುದು. ಆದರೆ ಆಫೀಸಿಗೆ, ಅಂಗಡಿಗೆ, ಮಕ್ಕಳ ಸ್ಕೂಲಿಗೆ ಓಡಾಡಿದ ಕಾರಿನ ಮೇಲಿನ ಪ್ರೀತಿಯೇ ಬೇರೆ.

ಫೋರ್ಡ್‌ನವರ ಲೆಕ್ಕವೂ ಅದೇ ಆಗಿತ್ತು. 1964ರ ಏಪ್ರಿಲ್ 17ರಂದು ನ್ಯೂಯಾರ್ಕ್ ವಿಶ್ವಮೇಳದಲ್ಲಿ ಮಸ್ಟಾಂಗ್ ಬಿಡುಗಡೆ ಮಾಡಿದಾಗ ಬೆಲೆ 2,368 ಡಾಲರಿನಿಂದ ಶುರು. ಒಳಗಿನ ಭಾಗಗಳು ಬಹುಪಾಲು ಅವರದೇ ಅಗ್ಗದ ಫಾಲ್ಕನ್ ಕಾರಿನವು. ಮೊದಲ ದಿನವೇ 22,000 ಆರ್ಡರ್ ಬಂತು. 1966ರ ಮಾರ್ಚಿಗೆ ಹತ್ತು ಲಕ್ಷ ಮುಟ್ಟಿತು. ಇಷ್ಟು ಮಾಡಿದ್ದರಿಂದಲೇ ಇವತ್ತಿಗೂ ನಟ್ಟಿನಿಂದ ಹಿಡಿದು ಇಡೀ ಬಾಡಿಯವರೆಗೆ ಹೊಸದಾಗಿ ಸಿಗುತ್ತದೆ. ಅಪರೂಪದ ಕಾರಾಗಿದ್ದರೆ ನನ್ನಂಥವನು ಹತ್ತಿರ ಸುಳಿಯುತ್ತಿರಲಿಲ್ಲ.

ಸೀರಿಯಲ್ ನಂಬರ್ 1ರ ಕಥೆ ನನಗೆ ಬಹಳ ಇಷ್ಟ. ಪ್ರದರ್ಶನಕ್ಕೆ ಅಂತ ಕೆನಡಾದ ನ್ಯೂಫೌಂಡ್‌ಲ್ಯಾಂಡಿಗೆ ಕಳಿಸಿದ್ದ ಬಿಳಿ ಕನ್ವರ್ಟಿಬಲ್ (ಚಾವಣಿ ಮಡಚುವ ಕಾರು) ಅದು. ಮಾರಬಾರದಿತ್ತು, ಡೀಲರ್ ಒಬ್ಬ ಪೈಲಟ್‌ಗೆ ಮಾರಿಬಿಟ್ಟರು. ಫೋರ್ಡ್‌ನವರು ವಾಪಸ್ ಕೇಳಿದರು. ಆತ ಕೊಡಲಿಲ್ಲ. ಎರಡು ವರ್ಷ ಆರಾಮಾಗಿ ಓಡಿಸಿ, ಫೋರ್ಡ್‌ನವರು 10,00,001ನೇ ಮಸ್ಟಾಂಗ್ ಕೊಟ್ಟ ಮೇಲೇ ಬಿಟ್ಟುಕೊಟ್ಟರು. ಆ ಕಾರು ಈಗ ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ಮ್ಯೂಸಿಯಂನಲ್ಲಿದೆ.

ಮುಂದೆ

ಬ್ರೇಕ್ ಮೊದಲು. 66ರ ಕಾರಿನ ಮಾಸ್ಟರ್ ಸಿಲಿಂಡರಿನಲ್ಲಿ (ಪೆಡಲ್ ಒತ್ತಿದಾಗ ಚಕ್ರಗಳಿಗೆ ಬ್ರೇಕ್ ಎಣ್ಣೆ ತಳ್ಳುವ ಭಾಗ) ಒಂದೇ ಡಬ್ಬಿ ಎಣ್ಣೆ, ನಾಲ್ಕು ಚಕ್ರಕ್ಕೂ ಅದೇ. ಎಲ್ಲಾದರೂ ಒಂದು ಕಡೆ ಸೋರಿದರೆ ನಾಲ್ಕೂ ಹೋದವು. 67ರಿಂದ ಎರಡು ಭಾಗ ಮಾಡಿದರು, ಮುಂದಿನದು ಹೋದರೂ ಹಿಂದಿನದು ಉಳಿಯುತ್ತದೆ. ಆ 67ರದ್ದನ್ನೇ ಇದಕ್ಕೆ ಕೂರಿಸಬಹುದು, ಬ್ರೇಕ್ ಪೈಪು ಸ್ವಲ್ಪ ಬದಲಾಯಿಸಬೇಕು ಅಷ್ಟೇ. ಹಳೆಯದನ್ನೇ ಉಳಿಸುವ ನನ್ನ ಹಟ ಬ್ರೇಕಿನ ವಿಷಯಕ್ಕಿಲ್ಲ. ಸಾಮಾನು ತರಿಸಿದ್ದೇನೆ.

ಮಿಷಿಗನ್‌ನಲ್ಲಿ ಹಿಸ್ಟಾರಿಕ್ ನಂಬರ್ ಪ್ಲೇಟ್ ಹಾಕಿದ ಕಾರನ್ನು ಮೆರವಣಿಗೆ, ಪ್ರದರ್ಶನ, ಕ್ಲಬ್ ಕಾರ್ಯಕ್ರಮ ಅಂತ ಮಾತ್ರ ಓಡಿಸಬೇಕು. ಆಗಸ್ಟ್ ತಿಂಗಳಿಗೆ ಮಾತ್ರ ವಿನಾಯಿತಿ, ಹಾಲು ತರೋಕೂ ಹೋಗಬಹುದು. ವುಡ್‌ವರ್ಡ್ ರಸ್ತೆಯಲ್ಲಿ ಹಳೇ ಕಾರುಗಳೆಲ್ಲ ಸಾಲಾಗಿ ಓಡುವ ಡ್ರೀಮ್ ಕ್ರೂಸ್ ಕೂಡ ಆಗಲೇ, ಮೂರನೇ ಶನಿವಾರ. ಅಷ್ಟರೊಳಗೆ ಬ್ರೇಕ್ ಮುಗಿಯಬೇಕು. ಗಾಜಿನ ಬುಡದ ತುಕ್ಕಿಗೆ ವೆಲ್ಡಿಂಗ್ ಬಿಡಿಸಿ ಇಡೀ ತಗಡು ತೆಗೆಯಬೇಕು, ಅದು ಮುಂದಿನ ಚಳಿಗಾಲಕ್ಕೆ. ಅಲ್ಲಿಯವರೆಗೆ ಮಳೆ ಬಂದರೆ ಜಾಲರಿಯ ಮೇಲೆ ಟಾರ್ಪಾಲು.