ಒತ್ತಕ್ಷರ ಇನ್ನೂ ಕಷ್ಟ

ಬೆಂಗಳೂರಿನ ಅಂಚಿನಲ್ಲಿರುವ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ನಾನು ನಾಲ್ಕು ಮತ್ತು ಐದನೆಯ ತರಗತಿಗಳಿಗೆ ಪಾಠ ಮಾಡುತ್ತೇನೆ. ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು, ಮನೆಯಲ್ಲಿ ತೆಲುಗು, ತಮಿಳು ಅಥವಾ ದಖನಿ ಉರ್ದು ಆಡುವ ಮಕ್ಕಳು, ಈಚೆಗೆ ಬಿಹಾರ, ನೇಪಾಳಗಳಿಂದ ಬಂದ ಕಾವಲುಗಾರರ ಮಕ್ಕಳು ಇಲ್ಲಿ ಒಟ್ಟಿಗೆ ಕೂರುತ್ತಾರೆ. ಫಲಿತಾಂಶ ಸುಧಾರಿಸಬೇಕೆಂಬ ಮಾತು ಪ್ರತಿ ಸಭೆಯಲ್ಲೂ ಬರುತ್ತದೆ. ಆದರೆ ಮಗು ಕಲಿಕೆಯಲ್ಲಿ ಎಲ್ಲಿ ನಿಂತಿದೆ ಎಂಬುದನ್ನು ಅರಿಯದೆ ಪಠ್ಯಪುಸ್ತಕ ಮುಗಿಸುತ್ತ ಹೋಗಿದ್ದೇ ನನ್ನ ದೊಡ್ಡ ತಪ್ಪು ಎಂದು ಒಪ್ಪಿಕೊಳ್ಳಲು ನನಗೆ ಹಲವು ವರ್ಷಗಳೇ ಬೇಕಾದವು.

2009ರ ಶಿಕ್ಷಣ ಹಕ್ಕು ಕಾಯ್ದೆಯ 4ನೆಯ ಕಲಂ ಪ್ರಕಾರ ಶಾಲೆಯನ್ನೇ ಕಾಣದ ಅಥವಾ ನಡುವೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. 5ನೆಯ ಕಲಂ ಪ್ರಕಾರ ವರ್ಗಾವಣೆ ಪತ್ರ ತಡವಾಯಿತೆಂದು ಯಾರನ್ನೂ ಹಿಂದಕ್ಕೆ ಕಳಿಸುವಂತಿಲ್ಲ. ಹೀಗಾಗಿ ನವೆಂಬರಿನಲ್ಲಿ ಬಂದ ಹತ್ತು ವರ್ಷದ ಹುಡುಗ, ಅಕ್ಷರ ಗುರುತಿಸಲು ತಡವರಿಸುತ್ತಿದ್ದರೂ, ಐದನೆಯ ತರಗತಿಯಲ್ಲಿ ಕೂರುತ್ತಾನೆ. ಇದು ನ್ಯಾಯವೇ. ಆದರೆ ಅಂಥ ಮಗುವಿಗೆ ವಿಶೇಷ ತರಬೇತಿ ಪಡೆಯುವ ಹಕ್ಕನ್ನೂ ಅದೇ 4ನೆಯ ಕಲಂ ಕೊಟ್ಟಿದೆ. ಸೇರಿಸಿಕೊಳ್ಳುವುದನ್ನು ಪಾಲಿಸಿದ ನಾನು ತರಬೇತಿಯನ್ನು ಮರೆತಿದ್ದೆ.

ಮಕ್ಕಳ ಓದು, ಲೆಕ್ಕಗಳ ಮಟ್ಟವನ್ನು ಅಳೆಯುವ ಅಸರ್ ಸಮೀಕ್ಷೆ ನಡೆಯುವುದು ಹಳ್ಳಿಗಳಲ್ಲಿ. ನಮ್ಮಂಥ ಶಾಲೆ ಅದರ ವ್ಯಾಪ್ತಿಗೆ ಬಾರದು. ದೇಶದ ಗ್ರಾಮೀಣ ಭಾಗದಲ್ಲಿ ಎರಡನೆಯ ತರಗತಿಯ ಪಠ್ಯವನ್ನು ಓದಬಲ್ಲ ಐದನೆಯ ತರಗತಿಯ ಮಕ್ಕಳ ಪ್ರಮಾಣ 2018ರಲ್ಲಿ ಶೇ. 50.5 ಇದ್ದದ್ದು 2022ರಲ್ಲಿ ಶೇ. 42.8ಕ್ಕೆ ಇಳಿಯಿತೆಂದು ಓದಿದಾಗ, ಅವರು ಬಳಸುವ ಬಗೆಯದೇ ಒಂದು ಹಾಳೆಯನ್ನು, ಅಂದರೆ ಅಕ್ಷರ, ಪದ, ನಾಲ್ಕು ಸಾಲು, ಒಂದು ಸಣ್ಣ ಕಥೆ ಇರುವ ಹಾಳೆಯನ್ನು ಸಿದ್ಧಪಡಿಸಿ, ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಹೊರಗಿನ ಜಗುಲಿಗೆ ಕರೆದು ಓದಿಸಿದೆ. ತರಗತಿಯಲ್ಲಿ ಪದ್ಯವನ್ನು ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಿದ್ದ ಹುಡುಗಿ ಪದಗಳ ಸಾಲಿನಲ್ಲಿಯೇ ನಿಂತುಬಿಟ್ಟಳು. ಅವಳು ಅದುವರೆಗೆ ಓದಿದ್ದೆಲ್ಲ ಬಾಯಿಪಾಠವಾಗಿತ್ತು.

ತಪ್ಪುಗಳನ್ನು ಬರೆದಿಟ್ಟುಕೊಂಡು ನೋಡಿದಾಗ ಅವುಗಳಿಗೆ ಕಾರಣವೂ ಕಂಡಿತು. ಉಕ್ತಲೇಖನದಲ್ಲಿ ‘ಗಿಡ’ವನ್ನು ‘ಕಿಡ’ ಎಂದು ಬರೆಯುವ ತಮಿಳು ಮನೆಯ ಮಗು ದಡ್ಡನಲ್ಲ. ಅವನ ಮನೆಮಾತಿನ ಲಿಪಿಯಲ್ಲಿ ಕ ಮತ್ತು ಗ ಎರಡಕ್ಕೂ ಒಂದೇ ಅಕ್ಷರ. ತೆಲುಗು ಓದಲು ಕಲಿತು ಬಂದವರಿಗೆ ನಮ್ಮ ಲಿಪಿ ಬೇಗ ಒಲಿಯುತ್ತದೆ, ಎಡವುವುದು ಅರ್ಥದಲ್ಲಿ. ಕನ್ನಡವೇ ಮನೆಮಾತಾದ ಯಾದಗಿರಿಯ ಹುಡುಗಿ ‘ಅವ್ವ ಕೆಲಸಕ್ಕ ಹೋಗ್ಯಾಳ್ರಿ’ ಎಂದಾಗ ಇಡೀ ತರಗತಿ ನಕ್ಕಿತು. ಆಮೇಲೆ ಅವಳು ವಾರವಿಡೀ ಬಾಯಿ ತೆರೆಯಲಿಲ್ಲ. ಈಗ ಅವಳ ವಾಕ್ಯವನ್ನು ಮೊದಲು ಅವಳಂದಂತೆಯೇ ಕಪ್ಪು ಹಲಗೆಯ ಮೇಲೆ ಬರೆದು, ಪುಸ್ತಕದ ರೂಪವನ್ನು ಅದರ ಪಕ್ಕದಲ್ಲಿ ಬರೆಯುತ್ತೇನೆ.

ಇದಕ್ಕೆ ಹೊಸ ವಿಧಾನವೇನೂ ಬೇಕಿರಲಿಲ್ಲ, ನಮ್ಮಲ್ಲೇ ಇತ್ತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರಪ್ರದೇಶದ ರಿಷಿವ್ಯಾಲಿಯ ಶಾಲೆಗಳನ್ನು ನೋಡಿ ಬಂದ ಶಿಕ್ಷಕರೇ ರೂಪಿಸಿದ, ಪ್ರತಿ ಮಗು ತನ್ನದೇ ವೇಗದಲ್ಲಿ ಕಾರ್ಡುಗಳ ಮೂಲಕ ಕಲಿಯುವ ನಲಿ-ಕಲಿ ವಿಧಾನವು 2009-10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆ ವಿಸ್ತರಿಸಿತು. ಅದರಲ್ಲಿ ಅ, ಆ, ಇ, ಈ ಎಂದು ಆರಂಭಿಸದೆ ರ, ಗ, ಸ, ದ, ಅ ಎಂದು ಆರಂಭಿಸುವುದರಿಂದ ಮಗು ಕೆಲವೇ ದಿನಗಳಲ್ಲಿ ‘ಅರಸ’, ‘ಸರ’, ‘ದಸರ’ ಎಂದು ಓದತೊಡಗುತ್ತದೆ. ಅದಕ್ಕಿಂತ ಮುಖ್ಯವಾಗಿ, ತಿಂಗಳುಗಟ್ಟಲೆ ಊರಿಗೆ ಹೋಗಿ ಬಂದ ಮಗು ಕಲಿಕೆಯ ಹಂತಗಳನ್ನು ಮೆಟ್ಟಿಲುಗಳಂತೆ ಜೋಡಿಸಿದ ಕಲಿಕಾ ಏಣಿಯಲ್ಲಿ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಆದರೆ ಮೂರನೆಯ ತರಗತಿಗೆ ಏಣಿ ಮುಗಿಯುತ್ತದೆ. ನಾಲ್ಕರಿಂದ ಎಲ್ಲರಿಗೂ ಒಂದೇ ಪುಸ್ತಕ, ಒಂದೇ ವೇಗ. ಮುಖ್ಯ ಶಿಕ್ಷಕಿಯವರ ಒಪ್ಪಿಗೆ ಪಡೆದು, ನಾವು ದಿನದ ಮೊದಲ ಅವಧಿಯಲ್ಲಿ ಮೂರರಿಂದ ಐದರವರೆಗಿನ ಮಕ್ಕಳನ್ನು ತರಗತಿ ನೋಡದೆ ಓದಿನ ಮಟ್ಟ ನೋಡಿ ಗುಂಪು ಮಾಡುತ್ತೇವೆ. ಐದನೆಯ ತರಗತಿಯ ಹುಡುಗರಿಗೆ ಚಿಕ್ಕವರ ಜೊತೆ ಕೂರಲು ಮೊದಲು ನಾಚಿಕೆಯಾಯಿತು. ಕಾರ್ಡುಗಳನ್ನು ಹಂಚುವ ಜವಾಬ್ದಾರಿ ಕೊಟ್ಟ ಮೇಲೆ ಅದು ಕಡಿಮೆಯಾಯಿತು.

ಹಾಜರಾತಿಯ ವಿಷಯ ಬೇರೆ. ಬಿಸಿಯೂಟ, ಹಾಲು ಮಕ್ಕಳನ್ನು ಕರೆತರುತ್ತವೆ, ನಿಜ. ಆದರೆ ತಾಯಿ ಕೆಲಸಕ್ಕೆ ಹೊರಟ ಮೇಲೆ ಒಂದೂವರೆ ವರ್ಷದ ತಮ್ಮನನ್ನು ನೋಡಿಕೊಳ್ಳಬೇಕಾದ ಹುಡುಗಿಯನ್ನು ಅವೂ ಕರೆತರಲಾರವು. ತಮ್ಮನನ್ನೂ ಎತ್ತಿಕೊಂಡು ಬಾ ಎಂದೆವು. ಅವನು ಕಾರ್ಡುಗಳನ್ನು ಕಡಿಯುತ್ತಾನೆ, ಅವಳು ಓದುತ್ತಾಳೆ.

ಯುಗಾದಿ, ಊರಜಾತ್ರೆ, ಮುಂಗಾರಿನ ಬಿತ್ತನೆ ಎಂದು ಕುಟುಂಬಗಳು ಹೇಳದೆಯೇ ಹೊರಟುಬಿಡುತ್ತವೆ. ಆದ್ದರಿಂದ ಫೆಬ್ರವರಿಯಲ್ಲಿಯೇ ಪ್ರತಿ ಮಗುವಿಗೆ ಏನು ಬರುತ್ತದೆ, ಏನು ಬಾರದು ಎಂದು ಒಂದು ಹಾಳೆಯಲ್ಲಿ ಬರೆದು, ಮುಂದಿನ ಶಾಲೆಯಲ್ಲಿ ತೋರಿಸಿ ಎಂದು ಹೇಳಿ ಪೋಷಕರ ಕೈಗೆ ಕೊಡುತ್ತೇನೆ. ಹೆಚ್ಚಿನವು ಕಳೆದುಹೋಗುತ್ತವೆ. ಕಳೆದ ನವೆಂಬರಿನಲ್ಲಿ ಮಾತ್ರ ಒಬ್ಬ ಹುಡುಗ ಮರಳಿ ಬಂದು, ಪ್ಲಾಸ್ಟಿಕ್ ಕವರಿನೊಳಗೆ ನಾಲ್ಕಾಗಿ ಮಡಚಿಟ್ಟಿದ್ದ ಅದೇ ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟನು. ನನ್ನ ಬರಹದ ಕೆಳಗೆ, ನಾನು ಕಂಡರಿಯದ ಶಿಕ್ಷಕರೊಬ್ಬರ ಕೈಬರಹದಲ್ಲಿ ಎರಡು ಸಾಲುಗಳಿದ್ದವು: ‘ದಶಕ ತೆಗೆದುಕೊಂಡು ಕಳೆಯುವುದು ಈಗ ಬರುತ್ತದೆ. ಒತ್ತಕ್ಷರ ಇನ್ನೂ ಕಷ್ಟ.’