40 ನಿಮಿಷದ ಹಳೇಬೀಡು

ಹಾಸನದಿಂದ ಒಂದು ದಿನದ ಗೈಡ್ ಬಸ್ಸು ಹತ್ತುವ ಯೋಚನೆ ಇದ್ದರೆ, ದುಡ್ಡು ಕೊಡುವ ಮುಂಚೆ ಒಂದೇ ಒಂದು ಪ್ರಶ್ನೆ ಕೇಳಿ. "ಹಳೇಬೀಡಲ್ಲಿ ಎಷ್ಟು ಹೊತ್ತು ನಿಲ್ಲಿಸ್ತೀರಿ?" ನಾನು ಎಸಿ ಇದೆಯಾ, ಕಿಟಕಿ ಪಕ್ಕ ಸೀಟು ಸಿಗುತ್ತಾ, ಅಮ್ಮನಿಗೆ ಮಂಡಿ ನೋವು, ಜಾಸ್ತಿ ಮೆಟ್ಟಿಲು ಇಲ್ಲ ತಾನೇ ಅಂತ ಎಲ್ಲ ಕೇಳಿದೆ. ಇದೊಂದನ್ನು ಬಿಟ್ಟು.

ಡಿಸೆಂಬರಿನ ಒಂದು ಶನಿವಾರ. ನಾನು, ಅಮ್ಮ, ಎಂಟನೇ ಕ್ಲಾಸಿನ ನನ್ನ ಮಗ. ತುಮಕೂರಿನಿಂದ ಹಿಂದಿನ ರಾತ್ರಿಯೇ ಬಂದು ಹಾಸನದಲ್ಲಿ ಉಳಿದಿದ್ದೆವು. ರೂಮಿನ ಟೇಬಲ್ ಮೇಲೆ ಬಣ್ಣಬಣ್ಣದ ಚೀಟಿ ಇತ್ತು. ಹೊಯ್ಸಳರ ರಾಜಧಾನಿಯ ಮೂಲೆಮೂಲೆ ತೋರಿಸುತ್ತೇವೆ, ಕನ್ನಡ ಬಲ್ಲ ಗೈಡ್ ಇರುತ್ತಾರೆ, ತಲೆಗೆ 850 ರೂಪಾಯಿ. ದೊಡ್ಡಗದ್ದವಳ್ಳಿ, ಬೇಲೂರು, ಹಳೇಬೀಡು, ಬಸದಿಹಳ್ಳಿ, ಬೆಳವಾಡಿ. ಐದು ಹೆಸರು ಓದಿದ ತಕ್ಷಣ ನನಗೆ ಬುದ್ಧಿ ಬರಬೇಕಿತ್ತು. ಡಿಸೆಂಬರಿನಲ್ಲಿ ಆರು ಗಂಟೆಗೆಲ್ಲ ಕತ್ತಲಾಗುತ್ತದೆ, ಅಲ್ವಾ?

ಏಳೂವರೆಗೆ ಬರುತ್ತೇವೆ ಎಂದ ಬಸ್ಸು ನಮ್ಮ ಮುಂದೆ ನಿಂತಾಗ ಎಂಟು ಐವತ್ತು. ಆಮೇಲೂ ಊರಿಂದ ಹೊರಡಲಿಲ್ಲ. ಇನ್ನೂ ಮೂರು ಲಾಡ್ಜ್ ಸುತ್ತಿ ಜನ ಹತ್ತಿಸಿಕೊಂಡಿತು. ನಮಗೆ ಸಿಕ್ಕಿದ್ದು ಹಿಂದಿನ ಚಕ್ರದ ಮೇಲಿನ ಸೀಟು. ಕಾಲು ಚಾಚುವ ಹಾಗಿಲ್ಲ, ಮಂಡಿ ಎದೆಗೆ ಬರುತ್ತದೆ. ಮೇಲಿಂದ ಎಸಿ ನೀರು ಅಮ್ಮನ ಎಡಗಡೆ ಹೆಗಲಿಗೆ ಸರಿಯಾಗಿ ಅಳತೆ ಮಾಡಿದ ಹಾಗೆ ತೊಟ್ಟಿಕ್ಕುತ್ತಿತ್ತು. ಕ್ಲೀನರ್ ಹುಡುಗ ಬಂದು ನೋಡಿ, "ಅದು ಹಂಗೇ ಅಮ್ಮ" ಎಂದು ಹೋದ. ಅಮ್ಮ ಟವೆಲ್ ಹೊದ್ದು ಕೂತರು. ಎಸಿ ಬಸ್ಸಿನಲ್ಲಿ ಮಳೆಗಾಲ ಎಂದು ಮಗ ನಕ್ಕ.

ದೊಡ್ಡಗದ್ದವಳ್ಳಿ ಬೇಲೂರು ದಾರಿಯಲ್ಲೇ ಒಳಗೆ ತಿರುಗಬೇಕಾದ ಊರು. ಲೇಟ್ ಆಗಿದೆ, ವಾಪಸ್ ಬರುವಾಗ ನೋಡೋಣ ಎಂದರು. ವಾಪಸ್ ಬರುವಾಗ ಏನಾಯಿತು ಎಂದು ನೀವೇ ಊಹಿಸಿ.

ಬೇಲೂರಿನ ಬಗ್ಗೆ ಮಾತ್ರ ದೂರಿಲ್ಲ. ಗೈಡ್ ಐವತ್ತು ದಾಟಿದವರು, ದನಿ ಚೆನ್ನಾಗಿತ್ತು, ತಿಳಿವಳಿಕೆಯೂ ಇತ್ತು. ಬಸ್ಸಿನಲ್ಲಿ ಜಾಸ್ತಿ ಜನ ಉತ್ತರದ ಕಡೆಯವರು. ಹಾಗಾಗಿ ಮೊದಲು ಹಿಂದಿಯಲ್ಲಿ ಹತ್ತು ನಿಮಿಷ, ಆಮೇಲೆ ಇಂಗ್ಲಿಷಿನಲ್ಲಿ ಐದು ನಿಮಿಷ, ಕೊನೆಗೆ ನಮ್ಮ ಕಡೆ ತಿರುಗಿ, "ನಿಮಗೆ ಗೊತ್ತೇ ಇರುತ್ತಲ್ಲ ಮೇಡಂ" ಎಂದು ಎರಡು ಸಾಲು. ನಮ್ಮ ಜಿಲ್ಲೆಗಳ ಚರಿತ್ರೆಯನ್ನು ನಾನು ಹಿಂದಿಯಲ್ಲಿ ಕೇಳಿಸಿಕೊಂಡು ಅಮ್ಮನಿಗೆ ಕನ್ನಡದಲ್ಲಿ ಹೇಳಬೇಕಾಯಿತು. ಅಮ್ಮನಿಗೆ ಅದೇನೂ ಬೇಜಾರಾಗಲಿಲ್ಲ. ನನಗೆ ಆಯಿತು.

ಆದರೂ ಬೇಲೂರಿನಲ್ಲಿ ಗೈಡ್ ಬೇಕು. ಇಲ್ಲದಿದ್ದರೆ ಕಣ್ಣು ಎಲ್ಲಿ ಇಡಬೇಕು ಎಂದೇ ತಿಳಿಯುವುದಿಲ್ಲ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಗುಡಿ, 42 ಶಿಲಾಬಾಲಿಕೆಯರು, ದರ್ಪಣ ಸುಂದರಿ, ಇದೆಲ್ಲ ನಿಮಗೂ ಗೊತ್ತು. ಅವರು ತೋರಿಸದಿದ್ದರೆ ನಾನು ನೋಡುತ್ತಲೇ ಇರಲಿಲ್ಲ ಎನ್ನುವುದು ಒಂದು ಹಲ್ಲಿ. ಬಾಲಿಕೆಯೊಬ್ಬಳ ತಲೆಯ ಮೇಲಿನ ಬಳ್ಳಿ ಚಪ್ಪರದಲ್ಲಿ ಒಂದು ಹಣ್ಣು, ಅದರ ಮೇಲೆ ನೊಣ, ಆ ನೊಣಕ್ಕೆ ಹೊಂಚು ಹಾಕಿ ಕೂತ ಹಲ್ಲಿ. ಬೆರಳಿನಷ್ಟಿದೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿ, ಅದಕ್ಕೇ ಇಂಥ ಕೆಲಸ ಆಯಿತು ಎಂದರು. ನನ್ನ ಮಗ ಹಲ್ಲಿಯನ್ನು ಹುಡುಕಿ ಹುಡುಕಿ ಕೊನೆಗೆ ಕಂಡಾಗ, "ಅಜ್ಜಿ, ಇನ್ನೂ ಹಿಡಿದಿಲ್ಲ ಅದು" ಎಂದು ಕೂಗಿದ. ಒಂಬೈನೂರು ವರ್ಷದಿಂದ ಹಿಡಿದಿಲ್ಲ ಪಾಪ.

ಒಂದು ವಿಷಯ ಗಮನದಲ್ಲಿಡಿ. ಚಪ್ಪಲಿ ಹೊರಗೇ ಬಿಡಬೇಕು. ಹನ್ನೆರಡರ ಮೇಲೆ ಅಂಗಳದ ಚಪ್ಪಡಿ ಕಲ್ಲು ಕಾದ ಹೆಂಚಾಗುತ್ತದೆ, ಡಿಸೆಂಬರಿನಲ್ಲೂ. ದಪ್ಪ ಕಾಲುಚೀಲ ತನ್ನಿ. ಮಧ್ಯಾಹ್ನ ಗರ್ಭಗುಡಿಯ ಬಾಗಿಲೂ ಹಾಕುತ್ತಾರೆ. ಪೂಜೆ ನಡೆಯುವ ಗುಡಿ ಅದು, ಬರೀ ನೋಡುವ ಜಾಗ ಅಲ್ಲ. ಬೆಳಿಗ್ಗೆ ಎಂಟಕ್ಕೇ ಅಲ್ಲಿದ್ದರೆ ಎರಡೂ ಕಷ್ಟ ತಪ್ಪುತ್ತದೆ.

ಊಟಕ್ಕೆ ಅವರೇ ಒಂದು ಹೋಟೆಲಿಗೆ ಕರೆದೊಯ್ದರು. 220 ರೂಪಾಯಿ ಊಟ, ತಣ್ಣನೆ ಸಾರು. ಬೇರೆ ಕಡೆ ತಿನ್ನೋಣ ಎಂದರೆ ಸುತ್ತ ಏನೂ ಇಲ್ಲದ ಜಾಗ. ಅಲ್ಲಿಂದ ಹೊರಟು ಹಳೇಬೀಡು ತಲುಪಿದಾಗ ಎರಡೂಮುಕ್ಕಾಲು. ಬೇಲೂರಿನಿಂದ ಹಳೇಬೀಡಿಗೆ ಇರುವುದೇ 16 ಕಿಲೋಮೀಟರ್!

ಮೂರೂ ಇಪ್ಪತ್ತೈದಕ್ಕೆ ಬಸ್ಸಿನ ಹತ್ತಿರ ಬನ್ನಿ ಎಂದರು. ಅಂದರೆ ನಲವತ್ತು ನಿಮಿಷ. ಚಪ್ಪಲಿ ಬಿಡುವ ಸಾಲಿನಲ್ಲಿ ಅದರಲ್ಲಿ ಎಂಟು ಹೋಯಿತು. ಶನಿವಾರ ಮಧ್ಯಾಹ್ನ, ಶಾಲಾ ಪ್ರವಾಸದ ಸೀಸನ್ ಬೇರೆ. ಒಂದೊಂದು ಶಾಲೆಯಿಂದ ಎರಡು ಮೂರು ಬಸ್ಸು. ನನಗೆ ಜನಜಂಗುಳಿ ಆಗುವುದಿಲ್ಲ, ಇದನ್ನು ಒಪ್ಪಿಕೊಳ್ಳುತ್ತೇನೆ. ಮಕ್ಕಳ ಗಲಾಟೆ ಇಷ್ಟಪಡುವವರಿಗೆ ಅದೇ ಸಂಭ್ರಮ ಅನ್ನಿಸಬಹುದು. ನಾವು ಹೊಯ್ಸಳೇಶ್ವರ ಗುಡಿಯ ಗೋಡೆಯಲ್ಲಿ ರಾವಣ ಕೈಲಾಸ ಎತ್ತುವುದನ್ನು ಇನ್ನೊಬ್ಬರ ಹೆಗಲ ಸಂದಿಯಲ್ಲಿ ನೋಡಿದೆವು. ಗೋಡೆಯ ಕೆಳಗಿನಿಂದ ಆನೆ ಸಾಲು, ಸಿಂಹದ ಸಾಲು, ಬಳ್ಳಿ, ಕುದುರೆ, ಮೇಲೆ ರಾಮಾಯಣ ಮಹಾಭಾರತ, ಮಕರ, ಹಂಸ. ಓದುತ್ತಾ ನಡೆಯಬೇಕಾದ ಗೋಡೆ ಅದು. ಅರ್ಧ ಗೋಡೆಗೆ ಬಂದಿದ್ದೆವು, ಅಷ್ಟರಲ್ಲಿ ಕ್ಲೀನರ್ ಹುಡುಗನ ಸೀಟಿ ಕೇಳಿತು.

"ಬಸದಿಹಳ್ಳಿ?" ಎಂದು ಕೇಳಿದೆ.

"ಬಸ್ಸಿಂದಲೇ ಕಾಣುತ್ತೆ ಮೇಡಂ."

ಬಸ್ಸಿನಿಂದ ಕಂಡಿದ್ದು ಒಂದು ಕಾಂಪೌಂಡು. ಅದಾದ ಮೇಲೆ ಎಲ್ಲಿಗೆ ಹೋದೆವು ಗೊತ್ತಾ? ಕಾಫಿಪುಡಿ, ಏಲಕ್ಕಿ, ಜೇನುತುಪ್ಪ, ಕೈಯಲ್ಲಿ ಮಾಡಿದ ಚಾಕೊಲೇಟ್ ಮಾರುವ ಒಂದು ದೊಡ್ಡ ಅಂಗಡಿಗೆ. ಅಲ್ಲಿ ಒಂದು ಗಂಟೆ ಹತ್ತು ನಿಮಿಷ. ನಾನು ಗಡಿಯಾರ ನೋಡುತ್ತಲೇ ಇದ್ದೆ. ದ್ವಾರಸಮುದ್ರಕ್ಕೆ, ಅದೇ ಹಳೇಬೀಡಿನ ಹಳೆಯ ಹೆಸರು, ನಲವತ್ತು ನಿಮಿಷ, ಚಾಕೊಲೇಟಿಗೆ ಎಪ್ಪತ್ತು. ಹೊರಗೆ ಬಂದಾಗ ಬೆಳವಾಡಿಗೆ ಹೊತ್ತಿಲ್ಲ ಎಂದರು. ದುಡ್ಡು ವಾಪಸ್ ಕೇಳಿದ್ದಕ್ಕೆ ಚೀಟಿಯ ಹಿಂದೆ ಸಣ್ಣ ಅಕ್ಷರದಲ್ಲಿ 'ಸಮಯಾನುಸಾರ' ಎಂದು ಅಚ್ಚಾಗಿದ್ದುದನ್ನು ತೋರಿಸಿದರು. ಗೈಡ್ ಮಾತ್ರ ಮುಖ ಕೆಳಗೆ ಹಾಕಿದರು. ಇಳಿಯುವಾಗ ಮೆಲ್ಲಗೆ, "ಸೋಮವಾರ ಸರ್ಕಾರಿ ಬಸ್ಸಲ್ಲಿ ಹೋಗಿ ಮೇಡಂ, ಬೆಳಿಗ್ಗೆನೇ ಹೋಗಿ" ಎಂದರು. ಇಡೀ ದಿನದಲ್ಲಿ ಅವರು ಕನ್ನಡದಲ್ಲೇ ಮೊದಲು ಹೇಳಿದ ಮಾತು ಅದು.

ಹಾಗೆ ಸೋಮವಾರ ಹೋದೆವು.

ಹಾಸನದ ಬಸ್ ಸ್ಟ್ಯಾಂಡಿನಿಂದ ಹಳೇಬೀಡಿಗೆ 30 ಕಿಲೋಮೀಟರ್ ಚಿಲ್ಲರೆ. ಸಾದಾ ಬಸ್ಸು. ನನಗೂ ಅಮ್ಮನಿಗೂ ಶಕ್ತಿ ಯೋಜನೆಯಲ್ಲಿ ಟಿಕೆಟ್ ಫ್ರೀ, ಆಧಾರ್ ತೋರಿಸಿದರೆ ಆಯಿತು. ಮಗನೊಬ್ಬನಿಗೆ ಟಿಕೆಟ್. ಕಿಟಕಿಯಿಂದ ಗಾಳಿ ಬರುತ್ತಿತ್ತು, ಮೇಲಿನಿಂದ ಏನೂ ತೊಟ್ಟಿಕ್ಕಲಿಲ್ಲ. ಇಳಿದರೆ ದೇವಸ್ಥಾನ ಅಲ್ಲೇ, ನಡೆಯುವಷ್ಟು ಹತ್ತಿರ.

ಮೊದಲು ತಿಂಡಿಯ ವಿಷಯ ಹೇಳಬೇಕು. ಬಸ್ ನಿಲ್ಲುವ ಜಾಗದಿಂದ ಸ್ವಲ್ಪ ದೂರದಲ್ಲಿ ಶೀಟು ಹಾಕಿದ ಒಂದು ಸಣ್ಣ ಜಾಗ. ಬೋರ್ಡಿಲ್ಲ, ಎರಡು ಬೆಂಚು, ಸೌದೆ ಒಲೆ. ಒಲೆ ಮುಂದೆ ಒಬ್ಬರು ಹೆಂಗಸು ಅಕ್ಕಿ ರೊಟ್ಟಿ ತಟ್ಟುತ್ತಿದ್ದರು. ಕಲಸಿದ ಹಿಟ್ಟಿನ ಉಂಡೆಯನ್ನು ಬಾಳೆ ಎಲೆಯ ತುಂಡಿನ ಮೇಲಿಟ್ಟು, ಬೆರಳಿಗೆ ನೀರು ಮುಟ್ಟಿಸಿ, ಎಲೆಯನ್ನು ಸುತ್ತಿಸುತ್ತಾ ತಟ್ಟುತ್ತಾರೆ. ಎಲೆ ಸಮೇತ ಕಾವಲಿಗೆ ಬೋರಲು ಹಾಕುತ್ತಾರೆ. ಎಲೆ ಬಾಡಿ ತಾನಾಗೇ ಬಿಟ್ಟುಕೊಂಡಾಗ ಎಳೆದು ತೆಗೆಯುತ್ತಾರೆ. ಅಂಚು ಗರಿಗರಿ, ನಡುವೆ ಮೆತ್ತಗೆ. ಜೊತೆಗೆ ಹುಚ್ಚೆಳ್ಳು ಚಟ್ನಿಪುಡಿ, ಒಂದು ಚಮಚ ಬೆಣ್ಣೆ. ಅವರೆಕಾಯಿ ಕಾಲ ಆದ್ದರಿಂದ ಹಿತಕಿದ ಅವರೆಬೇಳೆ ಸಾರೂ ಇತ್ತು. ಆ ಸಾರು ಬಡಿಸುವಾಗಲೇ ಸೊಗಡಿನ ವಾಸನೆ ಬೆಂಚಿನವರೆಗೂ ಬಂತು. ಅಮ್ಮ ಹೊರಗಡೆ ಊಟಕ್ಕೆ ಯಾವತ್ತೂ ಹೆಸರಿಡುವವರು. ಉಪ್ಪು ಜಾಸ್ತಿ, ಎಣ್ಣೆ ಕೆಟ್ಟದ್ದು, ಏನಾದರೂ ಒಂದು. ಅವತ್ತು ಎರಡು ರೊಟ್ಟಿ ಮುಗಿಸಿ ಸುಮ್ಮನೆ ತಟ್ಟೆ ನೋಡುತ್ತಾ ಕೂತರು. "ಇನ್ನೊಂದ್ ಹಾಕ್ಲೇನಮ್ಮಾ?" ಎಂದು ಆ ಹೆಂಗಸು ಕೇಳಿದ್ದೇ ತಡ, ತಟ್ಟೆ ಮುಂದೆ ಹೋಯಿತು. ಮೂವರೂ ಹೊಟ್ಟೆ ತುಂಬ ತಿಂದು ಕಾಫಿ ಕುಡಿದು ಕೊಟ್ಟಿದ್ದು 190 ರೂಪಾಯಿ. ಹನ್ನೊಂದಕ್ಕೆಲ್ಲ ರೊಟ್ಟಿ ಖಾಲಿಯಂತೆ, ಹಾಗಾಗಿ ಗುಡಿಗೆ ಆಮೇಲೆ ಹೋಗಿ.

ಬೆಳಿಗ್ಗೆ ಹೋಗುವುದಕ್ಕೆ ಇನ್ನೊಂದು ಕಾರಣ ಇದೆ. ಕೆತ್ತನೆ ಜಾಸ್ತಿ ಇರುವ ಪಶ್ಚಿಮದ ಗೋಡೆ ಆ ಹೊತ್ತಿಗೆ ನೆರಳಲ್ಲಿರುತ್ತದೆ. ಕಾಲೂ ಸುಡುವುದಿಲ್ಲ, ಕಣ್ಣೂ ಕುಕ್ಕುವುದಿಲ್ಲ. ಫೋಟೋದವರಿಗೆ ಮಾತ್ರ ಸಂಜೆ ಬಿಸಿಲೇ ಬೇಕು. ಸೋಮವಾರ ಶಾಲೆ ಬಸ್ಸು ಒಂದೇ ಇತ್ತು. ಗೋಡೆಯ ಅರ್ಧದಿಂದ ಶುರು ಮಾಡಿ ಪೂರ್ತಿ ಮುಗಿಸಿದೆವು.

ಶನಿವಾರ ಯಾರೂ ತೋರಿಸದ ಒಂದು ಕಂಬ ಅದೇ ಆವರಣದಲ್ಲಿದೆ. ಗುಡಿಯ ದಕ್ಷಿಣದ ಕಡೆ, ಕುವರ ಲಕ್ಷ್ಮನ ಕಂಬ. ಹೊಯ್ಸಳ ದೊರೆ ಇಮ್ಮಡಿ ಬಲ್ಲಾಳನ ದಂಡನಾಯಕ ಅವನು. ದೊರೆ ಸತ್ತರೆ ತಾವೂ ಬದುಕುವುದಿಲ್ಲ ಎಂದು ಆಣೆ ಮಾಡಿದ ಗರುಡರು ಆಗ ಇದ್ದರು. ಲಕ್ಷ್ಮ ಆ ಮಾತು ಉಳಿಸಿಕೊಂಡ. ಅವನ ಹೆಂಡತಿ, ಜೊತೆಯವರೂ ಪ್ರಾಣ ಬಿಟ್ಟರು. ಕಂಬದ ಮೇಲೆ ಪುಟ್ಟ ಪುಟ್ಟ ಮನುಷ್ಯರು ಕತ್ತಿ ಹಿಡಿದು ತಮ್ಮ ತಲೆಯನ್ನೇ ಕತ್ತರಿಸಿಕೊಳ್ಳುತ್ತಿದ್ದಾರೆ. ಗುಡಿಯ ಗೋಡೆಯಲ್ಲಿ ದೇವರು ಕುಣಿಯುತ್ತಾರೆ. ಕೆಲವೇ ಹೆಜ್ಜೆ ಆಚೆಗೆ ಇದು. ಮಗ ತುಂಬಾ ಹೊತ್ತು ಅಲ್ಲೇ ನಿಂತ. ನಾನೂ ಕರೆಯಲಿಲ್ಲ. ಪಕ್ಕದ ಮ್ಯೂಸಿಯಂ ಸಣ್ಣದು, ಚೆನ್ನಾಗಿದೆ. ಶುಕ್ರವಾರ ರಜೆ, ಅದೊಂದು ನೆನಪಿರಲಿ.

ಅಲ್ಲಿಂದ ಬಸದಿಹಳ್ಳಿಗೆ ಅರ್ಧ ಕಿಲೋಮೀಟರ್ ಆಸುಪಾಸು. ಅಮ್ಮ ನಿಧಾನವಾಗಿ ನಡೆದೇ ಬಂದರು. ಮೂರು ಬಸದಿಗಳಿವೆ. ನಾವು ಹೋದಾಗ ಒಳಗೆ ನಾವು ಮೂವರು, ಒಂದು ನಾಯಿ, ಕಾವಲಿನವರು. ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದ್ದು ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗ ಬೊಪ್ಪದೇವ, 1133ರಲ್ಲಿ. ಹೊರಗೋಡೆ ಬೋಳು. ಹೊಯ್ಸಳೇಶ್ವರ ನೋಡಿ ಬಂದವರಿಗೆ ಇದೇನಪ್ಪಾ ಅನ್ನಿಸುತ್ತದೆ. ಒಳಗೆ ಹೋಗಿ. ನವರಂಗದ, ಅಂದರೆ ಗರ್ಭಗುಡಿ ಮುಂದಿನ ಮಂಟಪದ, ಕರಿ ಕಂಬಗಳನ್ನು ತಿಗರಿಯಲ್ಲಿ ಮಡಕೆ ತಿರುಗಿಸಿದ ಹಾಗೆ ತಿರುಗಿಸಿ ನುಣ್ಣಗೆ ಮಾಡಿದ್ದಾರೆ. ಕಾವಲಿನವರು ಅಮ್ಮನನ್ನು ಬಾಗಿಲಿನ ಬೆಳಕಿಗೆ ನಿಲ್ಲಿಸಿ, "ಈಗ ಕಂಬ ನೋಡಿ" ಎಂದರು. ಅಮ್ಮನ ಹಳದಿ ಸೀರೆ ಕಂಬದೊಳಗೆ ಒಂದು ಉದ್ದದ ತೆಳ್ಳನೆ ಗೆರೆಯಾಗಿ ಕಂಡಿತು. ಒಂದು ಹೆಜ್ಜೆ ಸರಿದರೆ ಗೆರೆಯೂ ಸರಿಯಿತು. ಅಮ್ಮ ಎರಡು ಸಲ ಆ ಕಡೆ ಈ ಕಡೆ ನಡೆದು, "ನಾನು ಇಷ್ಟು ಸಣ್ಣ ಇದ್ದಿದ್ದು ಮದುವೆಗೆ ಮುಂಚೆ" ಎಂದರು. ಆ ಕಾವಲಿನವರಿಗೆ ಚಹಾಕ್ಕೆ ಅಂತ ಏನಾದರೂ ಕೊಡಿ. 850 ರೂಪಾಯಿಯ ಬಸ್ಸು ತೋರಿಸದ್ದನ್ನು ತೋರಿಸಿದವರು.

ಇನ್ನೂ ಮುಂದೆ ಹೋದರೆ ಕೇದಾರೇಶ್ವರ. ಇಮ್ಮಡಿ ಬಲ್ಲಾಳ, ರಾಣಿ ಕೇತಲದೇವಿ ಕಟ್ಟಿಸಿದ್ದು. ಸುತ್ತ ಹುಲ್ಲು, ಮರ, ನೆರಳು. ತಂದ ಕಿತ್ತಳೆ ಹಣ್ಣು ಬಿಡಿಸಿ ತಿಂದು ಅಲ್ಲೇ ಅರ್ಧ ಗಂಟೆ ಕೂತೆವು.

ಹುಲಿಕೆರೆಗೆ ಮಾತ್ರ ಆಟೋ ಮಾಡಿಕೊಳ್ಳಿ. ಹೋಗಿ, ಕಾದು, ವಾಪಸ್ ಬಿಡಲು 350 ರೂಪಾಯಿಗೆ ಒಪ್ಪಿದರು. 500ರಿಂದ ಶುರುವಾಗಿತ್ತು. ಊರ ನಡುವೆ ತಿರುಗಿದ ಮೇಲೆ ತಟ್ಟನೆ ಎದುರಾಗುತ್ತದೆ ಕಲ್ಯಾಣಿ. ಮೆಟ್ಟಿಲ ಮೇಲೆ ಮೆಟ್ಟಿಲು, ಸುತ್ತಲೂ ಆಟಿಕೆಯಂಥ ಪುಟ್ಟ ಗುಡಿಗಳು, ತಳದಲ್ಲಿ ಹಸಿರು ನೀರು. ಮೆಟ್ಟಿಲು ಕಡಿದು, ಪಾಚಿ ಬೇರೆ. ಅಮ್ಮ ಮೇಲೇ ಕೂತರು, ನಿಮ್ಮ ಜೊತೆ ವಯಸ್ಸಾದವರಿದ್ದರೆ ಇಳಿಸಬೇಡಿ.

ಆಟೋ ಹುಡುಗ ದಾರಿಯುದ್ದ ಕೈ ತೋರಿಸುತ್ತಾ ಬಂದ. ಇದು ಕೋಟೆ ಇದ್ದ ಜಾಗ, ಆ ದಿಬ್ಬದ ಕಡೆ ಅರಮನೆ ಇತ್ತಂತೆ, ಇಲ್ಲಿ ನಗರೇಶ್ವರ, ಅಗೆದಾಗ ಗುಡಿಗಳ ತಳಪಾಯ ಸಿಕ್ಕಿತು. ಹಳೇಬೀಡು ಎಂದರೆ ಒಂದು ದೇವಸ್ಥಾನ ಎಂದುಕೊಂಡು ಬಂದವಳು ನಾನು. ಬೀಡು ಅಂದರೆ ರಾಜಧಾನಿ. 1311ರಲ್ಲಿ ದೆಹಲಿಯಿಂದ ಮಲಿಕ್ ಕಾಫರನ ದಂಡು, ಆಮೇಲೆ ತುಘಲಕ್ಕನ ದಂಡು ಬಂದು ಹೋದ ಮೇಲೆ ಅದು 'ಹಳೇ' ಬೀಡಾಯಿತು. ರಾಗಿ ಕೊಯ್ದ ಹೊಲದ ಬದುವಿನಲ್ಲಿ ಕೆತ್ತನೆಯ ಕಲ್ಲೊಂದು ಮಗ್ಗುಲಾಗಿ ಬಿದ್ದಿತ್ತು, ಅದರ ಮೇಲೆ ಯಾರೋ ಗೋಣಿಚೀಲ ಒಣಹಾಕಿದ್ದರು. "ಇಲ್ಲಿ ನೇಗಿಲು ಹಾಕಿದರೆ ಏನಾದ್ರೂ ತಗಲುತ್ತೆ ಅಕ್ಕ" ಎಂದ ಹುಡುಗ.

ಬೆಳವಾಡಿ ನಮಗೆ ಸೋಮವಾರವೂ ಆಗಲಿಲ್ಲ. ಚಿಕ್ಕಮಗಳೂರಿನ ಕಡೆ ಹೋಗುವವರು ಜಾವಗಲ್ ರಸ್ತೆಯಲ್ಲಿ ನೋಡಿಕೊಂಡು ಹೋಗಬಹುದು. ಬೇಲೂರು ಮತ್ತು ಹಳೇಬೀಡು ಒಂದೇ ದಿನ ಮಾಡಲೇಬೇಕು ಎಂದರೆ ಮೊದಲ ಬಸ್ಸಿಗೆ ಬೇಲೂರಿಗೆ ಹೋಗಿ, ಬಾಗಿಲಲ್ಲೇ ಗೈಡ್ ಮಾತಾಡಿಕೊಳ್ಳಿ, ಕನ್ನಡದಲ್ಲೇ ಹೇಳಬೇಕು ಎಂದು ಮೊದಲೇ ಒಪ್ಪಿಸಿ. ಹತ್ತೂವರೆಗೆ ಹಳೇಬೀಡಿನ ಬಸ್ಸು ಹತ್ತಿದರೆ ಇಡೀ ಮಧ್ಯಾಹ್ನ ಇರುತ್ತದೆ. ರೊಟ್ಟಿ ತಪ್ಪಿಹೋಗುತ್ತದೆ, ಅಷ್ಟೇ. ಅದಕ್ಕೆ ನಾನು ಎರಡು ದಿನ ಇಟ್ಟುಕೊಳ್ಳಿ ಎನ್ನುತ್ತೇನೆ.