ಘೋರಾಮಾರಾ: ಪಕ್ಕದ ದ್ವೀಪಕ್ಕೆ ಹೋದ ಊರು

ಪಶ್ಚಿಮ ಬಂಗಾಳದ ಕಾಕದ್ವೀಪದ ಲಾಟ್ ನಂಬರ್ 8 ಘಾಟ್‌ಗೆ ಬರುವವರಲ್ಲಿ ಹೆಚ್ಚಿನವರು ಗಂಗಾಸಾಗರದ ಯಾತ್ರಿಕರು. ಘೋರಾಮಾರಾ ದ್ವೀಪದ ಕಡೆಗೆ ಹೊರಟ ನಮ್ಮ ಮೋಟಾರ್ ದೋಣಿಯಲ್ಲಿ ದ್ವೀಪದವರೇ ಜಾಸ್ತಿ. ಹೂಗ್ಲಿ ನದಿ ಇಲ್ಲಿ ಎಷ್ಟು ಅಗಲ ಅಂದರೆ, ಸಮುದ್ರ ಎಲ್ಲಿ ಶುರುವಾಗುತ್ತದೆ ಅಂತಲೇ ತಿಳಿಯುವುದಿಲ್ಲ.

1970ರ ದಶಕದಿಂದ ಈಚೆಗೆ ಈ ದ್ವೀಪದ ಸುಮಾರು ಅರ್ಧ ನೆಲ ನೀರುಪಾಲಾಗಿದೆ. ಪಕ್ಕದ ಲೋಹಾಚರಾ ದ್ವೀಪವಂತೂ ಪೂರ್ತಿ ಮುಳುಗಿಹೋಯಿತು. ಸಮುದ್ರ ಮಟ್ಟ ಏರುತ್ತಿರುವುದು ಒಂದು ಕಾರಣ. ಆದರೆ ಅದೊಂದೇ ಅಲ್ಲ. ಮೆಕ್ಕಲು ಮಣ್ಣಿನ ಈ ನೆಲ ತಾನಾಗಿಯೂ ಕುಸಿಯುತ್ತದೆ, ನದಿಯ ಸೆಳೆತವೂ ದಿಕ್ಕು ಬದಲಿಸುತ್ತದೆ. ಇದನ್ನೂ ಹೇಳಲೇಬೇಕು.

ದಡದಿಂದ ಒಳಗೆ ನಡೆದರೆ ವೀಳ್ಯದೆಲೆ ತೋಟಗಳು. ಸುತ್ತ ತಡಿಕೆ, ಮೇಲೆ ನೆರಳಿನ ಚಪ್ಪರ. ಇದಕ್ಕೆ ಇಲ್ಲಿ 'ಬೊರೊಜ್' ಅನ್ನುತ್ತಾರೆ. ಒಬ್ಬ ಹಿರಿಯರು ಒಳಗೆ ಕರೆದು ಬಳ್ಳಿ ತೋರಿಸಿದರು. 2021ರ ಮೇ 26ರಂದು ಯಾಸ್ ಚಂಡಮಾರುತ ಬಂದಾಗ ಹುಣ್ಣಿಮೆಯ ಉಬ್ಬರವೂ ಇತ್ತು. ಉಪ್ಪುನೀರು ಒಡ್ಡು ದಾಟಿ ದ್ವೀಪವನ್ನೇ ತುಂಬಿತು.

"ಮನೆ ಮತ್ತೆ ಕಟ್ಟಿಕೊಂಡೆವು ದಾದಾ. ಬಳ್ಳಿ ಮಾತ್ರ ಬುಡದಿಂದ ಹೋಯಿತು" ಎಂದರು. ಮಗ ಕೇರಳದಲ್ಲಿ ಕಟ್ಟಡ ಕೆಲಸಕ್ಕಿದ್ದಾನೆ. ಈಗಿನ ಬಳ್ಳಿ ನೆಟ್ಟಿದ್ದು ಅವನು ಕಳಿಸಿದ ದುಡ್ಡಿನಲ್ಲಿ. ನನಗೆ ತುಂಬಾ ತಟ್ಟಿದ್ದು ಈ ಮಾತು. ಊರು ಬಿಟ್ಟು ಹೋದವನ ದುಡಿಮೆಯಿಂದಲೇ ಮನೆಯವರು ಊರಲ್ಲಿ ಉಳಿದಿದ್ದಾರೆ ಅಲ್ವಾ?

ಅಲ್ಲಿಂದ ಸಾಗರ ದ್ವೀಪಕ್ಕೆ ಹೋದೆ. ಲೋಹಾಚರಾ, ಘೋರಾಮಾರಾದಿಂದ ಬಂದವರ ಕಾಲೊನಿಗಳು ಇಲ್ಲಿವೆ. ಮೊದಲು ಬಂದವರಿಗೆ ಸ್ವಲ್ಪ ಜಾಸ್ತಿ ನೆಲ ಸಿಕ್ಕಿತು. ತಡವಾಗಿ ಬಂದವರ ಪಾಲಿಗೆ ಕಡಿಮೆಯಾಯಿತು. ಸಾಲದ್ದಕ್ಕೆ ಸಾಗರ ದ್ವೀಪವೂ ಕರಗುತ್ತಿದೆ. ಕಪಿಲ ಮುನಿಯ ಹಳೆಯ ಗುಡಿಗಳನ್ನು ಸಮುದ್ರ ನುಂಗಿದ್ದು ಇಲ್ಲೇ.

ಹವಾಮಾನದಿಂದ ನೆಲೆ ತಪ್ಪಿದವರು ಅಂದರೆ ಗಡಿ ದಾಟುವ ಗುಂಪು ಕಣ್ಣಮುಂದೆ ಬರುತ್ತದೆ. ಇಲ್ಲಿ ಕಂಡಿದ್ದು ಬೇರೆ. ಹೆಚ್ಚಿನವರು ದೇಶದೊಳಗೇ, ಕೈಲಾದಷ್ಟು ಹತ್ತಿರಕ್ಕೆ ಹೋಗುತ್ತಾರೆ. ಹೀಗೆ ದೇಶದೊಳಗೇ ಜಾಗ ಬದಲಿಸುವವರು 2050ರ ಹೊತ್ತಿಗೆ 21.6 ಕೋಟಿವರೆಗೂ ಆಗಬಹುದು ಎಂದು ವಿಶ್ವಬ್ಯಾಂಕ್ 2021ರಲ್ಲಿ ಅಂದಾಜಿಸಿತ್ತು. 1951ರ ನಿರಾಶ್ರಿತರ ಒಪ್ಪಂದ ಇವರಿಗೆ ಅನ್ವಯಿಸುವುದಿಲ್ಲ. ಅದು ಗಡಿ ದಾಟಿದವರಿಗೆ, ಅದರಲ್ಲೂ ಕಿರುಕುಳಕ್ಕೆ ಹೆದರಿ ಓಡಿದವರಿಗೆ.

ಚಂಡಮಾರುತ ಒಂದೇ ದಿನದಲ್ಲಿ ಬಂದು ಹೋಗುತ್ತದೆ, ಹಿಂದೆಯೇ ಪರಿಹಾರದವರು ಬರುತ್ತಾರೆ. ಕೊರೆತ ಹಾಗಲ್ಲ. ಅದು ದಿನಾ ಒಂದಿಷ್ಟು ಮಣ್ಣು ತಿನ್ನುತ್ತದೆ. 15ನೇ ಹಣಕಾಸು ಆಯೋಗ ಕೊರೆತದಿಂದ ನೆಲೆ ಕಳೆದುಕೊಂಡವರ ಪುನರ್ವಸತಿಗೆಂದೇ 1,000 ಕೋಟಿ ರೂಪಾಯಿ ಎತ್ತಿಡಲು ಹೇಳಿತ್ತು. ಅಂಥ ಹಣ ಮನೆ ಬೀಳುವ ಮೊದಲೇ ತಲುಪಬೇಕು. ಅಕ್ಕಪಕ್ಕದ ಮನೆಯವರಿಗೆ ಒಂದೇ ಕಡೆ ನೆಲ ಸಿಗಬೇಕು. ಕಾಲೊನಿಯ ಹೆಂಗಸರು ನನ್ನ ಹತ್ತಿರ ಮತ್ತೆಮತ್ತೆ ಹೇಳಿದ್ದೂ ಇದನ್ನೇ.